ಪುಟ್ಟ ಹಲ್ಲಿನ ದೊಡ್ಡ ದೂರು

ರಾತ್ರಿ ಹನ್ನೊಂದು ಗಂಟೆ. ಮನೆಮಂದಿಯೆಲ್ಲ ಮಲಗಿದ್ದಾರೆ. ಪಡಸಾಲೆಯ ಮೂಲೆಯಿಂದ ‘ಕಟ್ ಕಟ್ ಕಟ್’ ಎಂಬ ಸದ್ದು. ಎದ್ದು ದೀಪ ಹಾಕಿದರೆ, ಮಗುವಿನ ಹುಟ್ಟುಹಬ್ಬಕ್ಕೆಂದು ಪೇಟೆಯಿಂದ ತಂದ ಹ್ಯಾಮ್‌ಸ್ಟರ್ ಹಿಂಗಾಲ ಮೇಲೆ ನಿಂತು ಪಂಜರದ ಸರಳನ್ನು ಕಚ್ಚಿ ಎಳೆಯುತ್ತಿದೆ. ಮೂಗಿನ ಮೇಲಿನ ಕೂದಲು ಸವೆದು ಚರ್ಮ ಕೆಂಪಾಗಿದೆ. ಮಗುವಿಗೆ ಆತಂಕ, ಅಪ್ಪನಿಗೆ ನಿದ್ದೆ ಕೆಟ್ಟ ಸಿಟ್ಟು. ಬೆಳಗಾಗುವುದರೊಳಗೆ ಒಂದು ತೀರ್ಮಾನವೂ ಆಗಿಬಿಡುತ್ತದೆ: ‘ಇದಕ್ಕಿಂತ ಗಟ್ಟಿ ಸರಳಿನ ಪಂಜರ ತರೋಣ.’

ಹ್ಯಾಮ್‌ಸ್ಟರ್ ಸಾಕುವ ಅನೇಕರು ಎಡವುವುದು ಇಲ್ಲಿಯೇ. ಸರಳು ಗಟ್ಟಿಯಾದಷ್ಟೂ ಮುರಿಯುವುದು ಹಲ್ಲು. ಆ ಪುಟ್ಟ ಪ್ರಾಣಿ ರಾತ್ರಿಯಿಡೀ ಹೇಳುತ್ತಿರುವ ದೂರು ಬೇರೆಯೇ ಇದೆ. ಅದನ್ನು ಅರ್ಥ ಮಾಡಿಕೊಂಡರೆ ಎಂಥ ಪಂಜರ ಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಅಜ್ಜಿಯ ಪ್ರಶ್ನೆ

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂತಹ ಊರಿಗೆ ಇಂಥದೊಂದು ಪಂಜರ ಬಂದರೆ, ‘ರೊಕ್ಕ ಕೊಟ್ಟು ಇಲಿ ತರ್ತಾರೇನೋ ಯಪ್ಪಾ?’ ಎಂದು ಅಜ್ಜಿ ಕೇಳದೇ ಇರಲಾರಳು. ಅಜ್ಜಿಯ ಮಾತಿನಲ್ಲಿ ಹುರುಳಿದೆ. ಎರೆಹೊಲದಲ್ಲಿ ಜೋಳ, ಕಡಲೆ, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಈ ಸೀಮೆಯವರಿಗೆ ಇಲಿ ಹೆಗ್ಗಣಗಳ ಹಲ್ಲಿನ ಪರಿಚಯ ಪುಸ್ತಕದಿಂದ ಆಗಬೇಕಾಗಿಲ್ಲ. ಕಾಳಿನ ಚೀಲ ತೂತಾದದ್ದನ್ನು ಎಲ್ಲರೂ ಕಂಡವರೇ. ಗದ್ದೆಯ ಬದುವಿನಲ್ಲಿ ಹೆಗ್ಗಣದ ಬಿಲ ಅಗೆದರೆ ಒಳಗೆ ತೆನೆಗಳ ರಾಶಿಯೇ ಸಿಗುವುದುಂಟು.

ಹ್ಯಾಮ್‌ಸ್ಟರ್ ಕೂಡ ಇದೇ ದಂಶಕ ವರ್ಗಕ್ಕೆ ಸೇರಿದ ಪ್ರಾಣಿ. ಅದೂ ಬಿಲ ತೋಡುತ್ತದೆ, ಕಾಳು ಕೂಡಿಡುತ್ತದೆ. ಕಾಳು ಸಾಗಿಸಲೆಂದೇ ಅದರ ಎರಡೂ ಕೆನ್ನೆಗಳಲ್ಲಿ ಚೀಲಗಳಿವೆ. ಜರ್ಮನ್ ಭಾಷೆಯಲ್ಲಿ ‘ಹಾಮ್‌ಸ್ಟರ್ನ್’ ಎಂಬ ಕ್ರಿಯಾಪದಕ್ಕೆ ಕೂಡಿಡುವುದು ಎಂದೇ ಅರ್ಥ. ಹೆಗ್ಗಣವನ್ನು ಹಿಡಿದು ಒಂದು ಸಣ್ಣ ಡಬ್ಬಿಯಲ್ಲಿ ಕೂಡಿಹಾಕಿದರೆ ಅದು ಏನು ಮಾಡೀತೆಂದು ಅಜ್ಜಿಯನ್ನು ಕೇಳಿದರೆ, ‘ಕಡೀತದ, ಇನ್ನೇನು ಮಾಡೀತು’ ಎಂದಾಳು. ಹ್ಯಾಮ್‌ಸ್ಟರ್ ಮಾಡುತ್ತಿರುವುದೂ ಅದನ್ನೇ.

ಅಲೆಪ್ಪೊದ ಹೊಲದಿಂದ

ಸಾಕುಪ್ರಾಣಿಯಾಗಿ ಹೆಚ್ಚು ಪರಿಚಿತವಾದದ್ದು ಸಿರಿಯಾ ಮೂಲದ ಹೊಂಬಣ್ಣದ ಹ್ಯಾಮ್‌ಸ್ಟರ್. ಅದು ಮನುಷ್ಯರ ಕೈಗೆ ಬಂದ ಕತೆ ಸ್ವಾರಸ್ಯಕರವಾಗಿದೆ. ಜೆರುಸಲೆಂನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಾಲ್ ಆಡ್ಲರ್ ಎಂಬ ವಿಜ್ಞಾನಿ, ನಮ್ಮ ದೇಶದಲ್ಲಿ ಕಾಲಾ ಆಜಾರ್ ಎಂದು ಹೆಸರಾದ ಜ್ವರದ ಗುಂಪಿಗೆ ಸೇರಿದ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದರು. ಪ್ರಯೋಗಕ್ಕೆ ಅವರಿಗೆ ಸುಲಭವಾಗಿ ಮರಿ ಹಾಕುವ ಪ್ರಾಣಿ ಬೇಕಿತ್ತು. ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ 1930ರ ಏಪ್ರಿಲ್‌ನಲ್ಲಿ ಸಿರಿಯಾದ ಅಲೆಪ್ಪೊ ಬಳಿ ಗೋಧಿಯ ಹೊಲವೊಂದನ್ನು ಆಳವಾಗಿ ಅಗೆಸಿ, ಒಂದು ತಾಯಿ ಮತ್ತು ಅದರ ಮರಿಗಳನ್ನು ಹಿಡಿದರು.

ಮುಂದೆ ನಡೆದದ್ದು ಪಂಜರ ಕೊಳ್ಳುವ ಪ್ರತಿಯೊಬ್ಬರೂ ನೆನಪಿಡಬೇಕಾದ ಸಂಗತಿ. ಜೆರುಸಲೆಂಗೆ ಬಂದ ಕೆಲವೇ ಸಮಯದಲ್ಲಿ ಹಲವು ಮರಿಗಳು ಪಂಜರದ ಮರದ ತಳವನ್ನು ಕಡಿದು ಪರಾರಿಯಾದವು. ಉಳಿದ ಕೆಲವೇ ಮರಿಗಳಿಂದ ಸಂತತಿ ಬೆಳೆಯಿತು. ಇಂದು ಜಗತ್ತಿನ ಮನೆಗಳಲ್ಲಿರುವ ಸಿರಿಯಾದ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಈ ವಂಶದವೇ. ಅಂದರೆ ಪಂಜರ ಕಡಿಯುವುದು ನಿಮ್ಮ ಮನೆಯ ಹ್ಯಾಮ್‌ಸ್ಟರ್ ಕಲಿತ ಕೆಟ್ಟ ಚಾಳಿಯಲ್ಲ, ಪಂಜರ ಕಂಡ ಮೊದಲ ದಿನಗಳಿಂದ ಅದರ ಕುಲ ಮಾಡುತ್ತ ಬಂದ ಕೆಲಸ.

ಆ ಪ್ರಾಣಿಯ ಸ್ವಂತ ಮನೆ ಎಷ್ಟು ದೊಡ್ಡದು? ಸಿರಿಯಾ ಮತ್ತು ತುರ್ಕಿಯ ಗಡಿ ಸೀಮೆಯಲ್ಲಿ ಕಾಡು ಹ್ಯಾಮ್‌ಸ್ಟರ್‌ಗಳ ಬಿಲಗಳನ್ನು ಅಳೆದ ಜರ್ಮನ್ ವಿಜ್ಞಾನಿಗಳು 2001ರಲ್ಲಿ ಲೆಕ್ಕ ಪ್ರಕಟಿಸಿದರು. ಬಿಲಗಳು ನೆಲದಡಿ 36ರಿಂದ 106 ಸೆಂ.ಮೀ. ಆಳದಲ್ಲಿದ್ದವು, ಸರಾಸರಿ 65 ಸೆಂ.ಮೀ. ಒಂದು ಬಿಲದಲ್ಲಿ ಒಂದೇ ಪ್ರಾಣಿ. ಸುತ್ತ ಕಡಲೆ, ಗೋಧಿಯ ಹೊಲಗಳು. ನಮ್ಮ ರೈತರಂತೆ ಅಲ್ಲಿನ ರೈತರೂ ಅದನ್ನು ಬೆಳೆಯ ಶತ್ರುವೆಂದೇ ಕಾಣುತ್ತಾರೆ. ಪಂಜರದಲ್ಲಿ ಇಷ್ಟೊಂದು ಹೆಚ್ಚಿದ ಪ್ರಾಣಿ ತನ್ನ ಸ್ವಂತ ನಾಡಿನಲ್ಲಿ ಅಳಿವಿನ ಅಂಚಿಗೆ ಸರಿಯುತ್ತಿದೆ.

ಹಲ್ಲು ಬೆಳೆಯುವುದು ನಿಜ, ಆದರೆ...

‘ಹಲ್ಲು ಸವೆಸಿಕೊಳ್ಳಲು ಸರಳು ಕಡಿಯುತ್ತದೆ, ಚಿಂತೆ ಬೇಡ’ ಎಂದು ಹೇಳುವವರು ಬಹಳ. ಇದು ಅರ್ಧ ಸತ್ಯ. ದಂಶಕಗಳ ಬಾಚಿಹಲ್ಲುಗಳು ಜೀವನವಿಡೀ ಬೆಳೆಯುತ್ತವೆ. ಹಲ್ಲಿನ ಮುಂಭಾಗದ ಎನಾಮೆಲ್ ಗಟ್ಟಿ, ಹಿಂಭಾಗ ಮೆದು. ಹಿಂಭಾಗ ಬೇಗ ಸವೆಯುವುದರಿಂದ ಹಲ್ಲಿನ ತುದಿ ಬಡಗಿಯ ಉಳಿಯಂತೆ ಸದಾ ಹರಿತವಾಗಿರುತ್ತದೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು, ಕಾಳು ಕಟ್ಟಿಗೆಗಳನ್ನು ಕಡಿದು ಬೇಕಾದಷ್ಟು ಸವೆಯುತ್ತವೆ. ಇದಕ್ಕೆ ಕಬ್ಬಿಣ ಬೇಕಾಗಿಲ್ಲ.

ಕಬ್ಬಿಣ ಕಡಿದರೆ ತೊಂದರೆಯೇ ಹೆಚ್ಚು. ಹಲ್ಲು ಮುರಿಯಬಹುದು, ಓರೆಯಾಗಿ ಬೆಳೆಯಬಹುದು. ಓರೆ ಹಲ್ಲಿನ ಹ್ಯಾಮ್‌ಸ್ಟರ್ ಕಾಳು ಕಡಿಯಲಾರದೆ ಸೊರಗುತ್ತದೆ. ಸರಳಿನ ಬಣ್ಣ, ಸತುವಿನ ಲೇಪ ಹೊಟ್ಟೆ ಸೇರುವ ಭಯವೂ ಇದೆ.

ಬರ್ನ್ ನಗರದ ಎರಡು ಪ್ರಯೋಗಗಳು

ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ವಿಜ್ಞಾನಿಗಳು ಇದನ್ನು ಅಳೆದೇ ನೋಡಿದರು. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹ್ಯಾಮ್‌ಸ್ಟರ್‌ಗಳನ್ನು ನಾಲ್ಕು ಅಳತೆಯ ಪಂಜರಗಳಲ್ಲಿ ಇಡಲಾಗಿತ್ತು. ತಳದ ವಿಸ್ತೀರ್ಣ ಕ್ರಮವಾಗಿ 1,800, 2,500, 5,000 ಮತ್ತು 10,000 ಚದರ ಸೆಂ.ಮೀ. ಸರಳು ಕಡಿಯುವುದು ಎಲ್ಲ ಪಂಜರಗಳಲ್ಲೂ ಕಂಡಿತು. ಆದರೆ ಸಣ್ಣ ಪಂಜರದವು ಹೆಚ್ಚು ಸಲ, ಹೆಚ್ಚು ಹೊತ್ತು ಕಡಿದವು. ಜಾಗ ಸಾಲದ ಕಾರಣ ಗೂಡಿನ ಚಾವಣಿಯನ್ನೂ ಅವು ನೆಲದಂತೆ ಬಳಸುತ್ತಿದ್ದವು.

ಅದಕ್ಕೂ ಹಿಂದೆ, 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹಾಸಿನ ಆಳವನ್ನು ಪರೀಕ್ಷಿಸಿತ್ತು. 10, 40 ಮತ್ತು 80 ಸೆಂ.ಮೀ. ಆಳದ ಹಾಸು ಹಾಕಿ ನೋಡಿದಾಗ, ಅತಿ ಹೆಚ್ಚು ಸರಳು ಕಡಿದದ್ದು 10 ಸೆಂ.ಮೀ. ಹಾಸಿನವು. 80 ಸೆಂ.ಮೀ. ಆಳದಲ್ಲಿದ್ದವು ಸರಳಿನ ಗೊಡವೆಗೇ ಹೋಗಲಿಲ್ಲ. ತೋಡಲು ನೆಲ ಸಿಕ್ಕಿತ್ತು, ಅವು ಬಿಲ ತೋಡಿಕೊಂಡು ಸುಮ್ಮನಿದ್ದವು.

ಹಾಗಾದರೆ ದೂರು ಸ್ಪಷ್ಟವಾಯಿತು. ಅದಕ್ಕೆ ಓಡಾಡಲು ನೆಲ ಬೇಕು, ತೋಡಲು ಆಳ ಬೇಕು.

ಟೇಪು ಹಿಡಿದು ಹೊರಡಿ

ಪಂಜರ ಕೊಳ್ಳುವ ಮುನ್ನ ಮಕ್ಕಳ ಕೈಗೆ ಅಳತೆಯ ಟೇಪು ಕೊಡುವುದು ಒಳ್ಳೆಯದು. 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಬಣ್ಣಬಣ್ಣದ ಪಂಜರದ ತಳ 1,200 ಚದರ ಸೆಂ.ಮೀ. ಬರ್ನ್‌ನ ಅತಿ ಸಣ್ಣ ಪಂಜರಕ್ಕಿಂತಲೂ ಇದು ಚಿಕ್ಕದು. ಪ್ರಾಣಿರಕ್ಷಣೆಗಾಗಿ ದುಡಿಯುವ ಜರ್ಮನಿಯ ಪಶುವೈದ್ಯರ ಸಂಘವು ಕನಿಷ್ಠ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ ಇರಲಿ ಎನ್ನುತ್ತದೆ. ಅಂದರೆ 5,000 ಚದರ ಸೆಂ.ಮೀ., ಆ ಬಣ್ಣದ ಪಂಜರದ ನಾಲ್ಕು ಪಟ್ಟಿಗೂ ಹೆಚ್ಚು. ಎರಡು ಮೂರು ಅಂತಸ್ತಿನ ಪಂಜರ ನೋಡಲು ಚೆಂದ, ಆದರೆ ಅಂತಸ್ತುಗಳನ್ನು ಕೂಡಿಸಿ ಲೆಕ್ಕ ಹಾಕುವಂತಿಲ್ಲ. ಹ್ಯಾಮ್‌ಸ್ಟರ್‌ಗೆ ದೃಷ್ಟಿ ಮಂದ, ಮೇಲಿಂದ ಬಿದ್ದು ಕಾಲು ಮುರಿದುಕೊಳ್ಳುತ್ತದೆ.

ಆಯ್ಕೆಗೆ ಮೂರು ಬಗೆಯ ಪಂಜರಗಳಿವೆ. ಸರಳಿನ ಪಂಜರದಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಕೆಳಗಿನ ತಟ್ಟೆ ಆಳವಿಲ್ಲದಿದ್ದರೆ ಹಾಸು ನಿಲ್ಲದು, ಕಡಿಯಲು ಸರಳು ಬಾಯಿಗೇ ಸಿಗುತ್ತದೆ. ಸರಳುಗಳ ನಡುವಿನ ಅಂತರ 1 ಸೆಂ.ಮೀ. ಮೀರಬಾರದು. ಕುಬ್ಜ ಜಾತಿಯ ಹ್ಯಾಮ್‌ಸ್ಟರ್ ಆದರೆ ಇನ್ನೂ ಕಡಿಮೆ ಇರಬೇಕು. ಎರಡನೆಯದು ಮೀನಿನ ಗಾಜಿನ ತೊಟ್ಟಿ. ಕಡಿಯಲು ಏನೂ ಇಲ್ಲ, ಹಾಸು ಆಳವಾಗಿ ನಿಲ್ಲುತ್ತದೆ. ಮೇಲೆ ಜಾಲರಿ ಮುಚ್ಚಳ ಬೇಕೇ ಬೇಕು. ಆದರೆ ಗಾಳಿ ಮೇಲಿನಿಂದ ಮಾತ್ರ ಬರುವುದರಿಂದ ಬೇಸಿಗೆಯಲ್ಲಿ ಒಳಗೆ ಧಗೆ.

ಮೂರನೆಯದು ಊರಿನ ಬಡಗಿಯಿಂದ ಮಾಡಿಸುವ ಪೆಟ್ಟಿಗೆ. ರಾಯಚೂರು ಸೀಮೆಗೆ ಇದೇ ಹೆಚ್ಚು ಹೊಂದುತ್ತದೆ. ಕೆಳಗಿನ 40 ಸೆಂ.ಮೀ.ವರೆಗೆ ಗಟ್ಟಿ ಗೋಡೆ, ಮುಂಭಾಗಕ್ಕೆ ಗಾಜು, ಅದರ ಮೇಲೆ ಸುತ್ತಲೂ ಸಣ್ಣ ಕಣ್ಣಿನ ಗಟ್ಟಿ ತಂತಿ ಜಾಲರಿ. ಹಾಸು ಹಾಕಿದ ಮೇಲೂ ನೆತ್ತಿಯ ಮೇಲೆ ಸಾಕಷ್ಟು ಜಾಗ ಉಳಿಯುವಂತೆ ಎತ್ತರ ಲೆಕ್ಕ ಹಾಕಬೇಕು. ಜೆರುಸಲೆಂನ ಪಾಠ ಮರೆಯಬಾರದು: ತಳಕ್ಕೂ ಗೋಡೆಗೂ ಒಳಗಡೆ ನುಣುಪಾದ ಸನ್‌ಮೈಕಾ ಹಾಕಿಸಿ, ಹಸಿ ಮರದ ಅಂಚು ಎಲ್ಲಿಯೂ ಹಲ್ಲಿಗೆ ಸಿಗದಂತೆ ನೋಡಿಕೊಳ್ಳಬೇಕು. ಒಳಗೆ ಬಣ್ಣ ಬೇಡ. ಬೆಕ್ಕು ಹಾವುಗಳ ಭಯವಿರುವ ಮನೆಯಲ್ಲಿ ಚಿಲಕ ಗಟ್ಟಿಯಾಗಿರಲಿ.

ಹಾಸಿಗೆ ಮುದ್ರಣವಿಲ್ಲದ ಕಾಗದದ ಚೂರುಗಳಲ್ಲಿ ಒಣಹುಲ್ಲು ಬೆರೆಸಿದರೆ ಬಿಲ ಕುಸಿಯದೆ ನಿಲ್ಲುತ್ತದೆ. ಭತ್ತದ ಹೊಟ್ಟು ಗಿರಣಿಗಳಲ್ಲಿ ಸುಲಭವಾಗಿ ಸಿಕ್ಕರೂ ಧೂಳು ಹೆಚ್ಚು, ಚೂಪೂ ಹೌದು. ವಾಸನೆ ಬೀರುವ ಮರದ ಪುಡಿ ಉಸಿರಾಟಕ್ಕೆ ಒಳ್ಳೆಯದಲ್ಲ. ಓಟದ ಚಕ್ರಕ್ಕೆ ಸಂದುಗಳಿರಬಾರದು, ಕಾಲು ಸಿಕ್ಕಿಕೊಳ್ಳುತ್ತದೆ. ಸಿರಿಯಾದ ಹ್ಯಾಮ್‌ಸ್ಟರ್‌ಗೆ ಸುಮಾರು 28 ಸೆಂ.ಮೀ. ಅಗಲದ ಚಕ್ರವಾದರೆ ಬೆನ್ನು ಬಾಗದೆ ಓಡುತ್ತದೆ. ಕಡಿಯಲು ಔಷಧ ಸಿಂಪಡಿಸದ ಪೇರಲ ಗಿಡದ ಒಣಕೊಂಬೆ ಸಾಕು. ಒಂದು ಪಂಜರಕ್ಕೆ ಒಂದೇ ಹ್ಯಾಮ್‌ಸ್ಟರ್. ‘ಪಾಪ, ಒಂಟಿ’ ಎಂದು ಜೊತೆ ತಂದರೆ ಕಚ್ಚಾಡಿ ಸಾಯುತ್ತವೆ.

ಮೇ ತಿಂಗಳ ಪರೀಕ್ಷೆ

ರಾಯಚೂರು ಜಿಲ್ಲೆಯಲ್ಲಿ ಪಂಜರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಪ್ರಯೋಗಾಲಯಗಳಲ್ಲಿ ಹ್ಯಾಮ್‌ಸ್ಟರ್‌ಗಳನ್ನು 20ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಇಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹ್ಯಾಮ್‌ಸ್ಟರ್ ನಮ್ಮಂತೆ ಬೆವರಿ ತಂಪಾಗಲಾರದು. ಕಾಡಿನಲ್ಲಾದರೆ ತಂಪು ಬಿಲಕ್ಕೆ ಇಳಿಯುತ್ತದೆ, ಪಂಜರದಲ್ಲಿ ಇಳಿಯಲು ಜಾಗವಿಲ್ಲ. ಹಗಲಿಡೀ ತಂಪಾಗಿರುವ ಕೋಣೆ ಮನೆಯಲ್ಲಿ ಇದೆಯೇ? ಇಲ್ಲವಾದರೆ ಹ್ಯಾಮ್‌ಸ್ಟರ್ ತರದಿರುವುದೇ ಲೇಸು. ಮಗು ಎಷ್ಟೇ ಹಟ ಮಾಡಿದರೂ ಈ ಮಾತನ್ನು ತಂದೆತಾಯಿ ಹೇಳಲೇಬೇಕು.

ಈಗಾಗಲೇ ತಂದಿದ್ದರೆ ಪಂಜರವನ್ನು ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲಿಗೆ, ಟಿ.ವಿ.ಯ ಪಕ್ಕಕ್ಕೆ ಇಡಬಾರದು. ಒಳಗೆ ಒಂದು ಶಹಾಬಾದ್ ಕಲ್ಲಿನ ತುಂಡು ಇಟ್ಟರೆ ಹೊಟ್ಟೆ ತಾಗಿಸಿ ಮಲಗುತ್ತದೆ. ಕಲ್ಲು ಜಾರಿ ಪ್ರಾಣಿಯ ಮೇಲೆ ಬೀಳದಂತೆ ಅದನ್ನು ತಳಕ್ಕೇ ತಾಗಿಸಿ ಕೂರಿಸಬೇಕು. ಕುಂಬಾರರ ಸಣ್ಣ ಗಡಿಗೆಯನ್ನು ಅಡ್ಡ ಮಲಗಿಸಿದರೆ ಒಳ್ಳೆಯ ಗೂಡು. ನಡುಹಗಲು ಪಂಜರದ ಹೊರಗೆ ಒಂದು ಬದಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟರೆ ಈ ಒಣಹವೆಯಲ್ಲಿ ತಂಪಾಗುತ್ತದೆ. ಗಾಳಿ ಆಡಲು ಉಳಿದ ಬದಿಗಳು ತೆರೆದಿರಲಿ, ಒಳಗಿನ ಹಾಸು ನೆನೆಯದಿರಲಿ.

ಇಂದು ರಾತ್ರಿಯೇ ಮಾಡಬಹುದಾದದ್ದು

ಹೊಸ ಪಂಜರ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮೊದಲು ಹಲ್ಲು ನೋಡಬೇಕು. ಮುರಿದಿದ್ದರೆ, ಓರೆಯಾಗಿದ್ದರೆ, ಪ್ರಾಣಿ ಕಾಳು ಬಿಟ್ಟಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ತಾಲ್ಲೂಕಿನ ಪಶು ಆಸ್ಪತ್ರೆಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ಕುರಿಗಳಾದ್ದರಿಂದ, ಸಣ್ಣ ಪ್ರಾಣಿಗಳ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಮುಂಚೆಯೇ ವಿಚಾರಿಸಿ ಇಟ್ಟುಕೊಂಡರೆ ಒಳ್ಳೆಯದು.

ಕಾಳನ್ನು ಬಟ್ಟಲಲ್ಲಿ ಸುರಿಯುವ ಬದಲು ಹಾಸಿನಲ್ಲಿ ಅಲ್ಲಲ್ಲಿ ಹುದುಗಿಸಿದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಸರಳು ಕಡಿಯುವಾಗಲೇ ಹೊರಗೆ ತೆಗೆದರೆ, ಶೇಂಗಾ ಕೊಟ್ಟರೆ, ಕಡಿದರೆ ಸಿಗುತ್ತದೆ ಎಂಬ ಪಾಠವನ್ನು ಅದು ಬೇಗ ಕಲಿಯುತ್ತದೆ. ಕೊಡುವುದನ್ನು ಅದು ಸುಮ್ಮನಿರುವಾಗ ಕೊಡಬೇಕು. ಹಗಲು ಅದಕ್ಕೆ ನಿದ್ದೆಯ ಹೊತ್ತು, ಎಬ್ಬಿಸಿ ಆಡಿಸಬಾರದು. ಸರಳಿಗೆ ಖಾರದಪುಡಿ ಸವರುವ ಉಪಾಯವಂತೂ ಬೇಡವೇ ಬೇಡ. ದೂರು ಹೇಳುವವನ ಬಾಯಿಗೆ ಖಾರ ಹಾಕಿದಂತಾಗುತ್ತದೆ, ದೂರು ಹಾಗೆಯೇ ಉಳಿಯುತ್ತದೆ. ಸಾಕಿ ಬೇಸರವಾಯಿತೆಂದು ಹೊಲಕ್ಕೆ ಬಿಡುವುದೂ ಸಲ್ಲದು. ಅದು ಈ ನೆಲದ ಪ್ರಾಣಿಯಲ್ಲ.

ಇದು ಬರೀ ದಯೆಯ ವಿಚಾರವೂ ಅಲ್ಲ. ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನದಿಂದ ರೂಪುಗೊಂಡ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಓಡಾಡಲು ತಕ್ಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಕೂಡಿಡುವುದು ಅಪರಾಧ. ಕಾನೂನು ಆನೆಗೆಷ್ಟೋ ಅಂಗೈಯಗಲದ ಹ್ಯಾಮ್‌ಸ್ಟರ್‌ಗೂ ಅಷ್ಟೇ.

ಹ್ಯಾಮ್‌ಸ್ಟರ್‌ನ ಆಯುಷ್ಯ ಎರಡು, ಹೆಚ್ಚೆಂದರೆ ಮೂರು ವರ್ಷ. ಐದನೇ ತರಗತಿಯಲ್ಲಿ ತಂದ ಮಗು ಏಳನೇ ತರಗತಿ ಮುಗಿಸುವಷ್ಟರಲ್ಲಿ ಅದರ ಬಾಳು ಮುಗಿಯುತ್ತದೆ. ಅಷ್ಟು ಚಿಕ್ಕ ಬಾಳಿನ ರಾತ್ರಿಗಳನ್ನು ಅದು ಸರಳಿಗೆ ಹಲ್ಲು ಕೊಟ್ಟು ಕಳೆಯಬೇಕೋ, ಬಿಲ ತೋಡಿ ಕಾಳು ಕೂಡಿಡುತ್ತ ಕಳೆಯಬೇಕೋ ಎಂಬುದು ಟೇಪು ಹಿಡಿದ ಆ ಮಗುವಿನ ಕೈಯಲ್ಲಿದೆ.