ಮಾನವೆಂಬ ಆನೆಯಿಂದ ಇಳಿದಾಗ

ಕ್ರೋಧ, ಮಾನ, ಮಾಯೆ, ಲೋಭ – ಇವು ಆತ್ಮವನ್ನು ಬಂಧಿಸುವ ನಾಲ್ಕು ಕಷಾಯಗಳೆಂದು ಜೈನಾಗಮಗಳು ಹೇಳುತ್ತವೆ. ಕ್ರೋಧ ಬಂದವನ ಕಣ್ಣು ಕೆಂಪಾಗುತ್ತದೆ. ಲೋಭಿಯ ಕೈ ಬಿಗಿಯಾಗುತ್ತದೆ. ಮಾನವಾದರೋ ಬಹುಮಟ್ಟಿಗೆ ಸದ್ಗುಣದ ಉಡುಗೆಯನ್ನೇ ತೊಟ್ಟು ಬರುತ್ತದೆ. ಒಮ್ಮೆ ನ್ಯಾಯವೆಂದು, ಒಮ್ಮೆ ಸ್ವಾಭಿಮಾನವೆಂದು, ಕೆಲವೊಮ್ಮೆ ತ್ಯಾಗವೆಂದೂ ತನ್ನನ್ನು ಕರೆದುಕೊಳ್ಳುತ್ತದೆ. ಆದ್ದರಿಂದಲೇ ಅದನ್ನು ಗುರುತಿಸುವುದು ಕಷ್ಟ. ಈ ಸೂಕ್ಷ್ಮವನ್ನು ಮನಗಾಣಿಸಲು ಭರತ-ಬಾಹುಬಲಿ ಎಂಬ ಇಬ್ಬರು ಸಹೋದರರ ಕಥೆಗಿಂತ ಮಿಗಿಲಾದ ದೃಷ್ಟಾಂತ ಇನ್ನೊಂದಿಲ್ಲ.

ಕಥೆ ಎಲ್ಲರಿಗೂ ತಿಳಿದದ್ದೇ. ಆದಿತೀರ್ಥಂಕರ ವೃಷಭನಾಥರು ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟು ದೀಕ್ಷೆ ಪಡೆದರು. ಹಿರಿಯವನಾದ ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ. ಆಯುಧಾಗಾರದಲ್ಲಿ ಚಕ್ರರತ್ನ ಹುಟ್ಟಿದಾಗ ಭರತನು ದಿಗ್ವಿಜಯಕ್ಕೆ ಹೊರಟು ಷಟ್ಖಂಡಗಳನ್ನೂ ಗೆದ್ದನು. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯೂ, ಕ್ರಿ.ಶ. 941ರಲ್ಲಿ ಪಂಪ ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಇಲ್ಲಿ ಒಂದು ಪ್ರಸಂಗ ಬರುತ್ತದೆ. ತನ್ನ ಕೀರ್ತಿಯನ್ನು ಶಾಶ್ವತಗೊಳಿಸಬೇಕೆಂದು ಭರತನು ವೃಷಭಾಚಲದ ಬಂಡೆಯ ಬಳಿಗೆ ಬರುತ್ತಾನೆ. ಅಲ್ಲಿ ನೋಡಿದರೆ ಹಿಂದಿನ ಚಕ್ರವರ್ತಿಗಳ ಹೆಸರುಗಳು ಕಿಕ್ಕಿರಿದಿವೆ. ಇನ್ನೊಂದು ಹೆಸರಿಗೆ ಎಡೆಯಿಲ್ಲ. ಜಗತ್ತಿಗೆ ತಾನೊಬ್ಬನೇ ಒಡೆಯನೆಂದು ಬಂದವನಿಗೆ ನಾಚಿಕೆಯಾಗುತ್ತದೆ. ಆದರೂ ಹಿಂದಿರುಗುವುದಿಲ್ಲ. ಒಂದು ಹೆಸರನ್ನು ಅಳಿಸಿ ತನ್ನ ಹೆಸರನ್ನು ಬರೆಸುತ್ತಾನೆ. ಇಂದು ತಾನು ಅಳಿಸಿದಂತೆ ನಾಳೆ ತನ್ನ ಹೆಸರನ್ನೂ ಒಬ್ಬನು ಅಳಿಸಬಹುದೆಂದು ಬಂಡೆಯೇ ಹೇಳುತ್ತಿತ್ತು. ಮಾನಕ್ಕೆ ನಾಚಿಕೆ ತಿಳಿಯುತ್ತದೆ, ಪಾಠ ಮಾತ್ರ ತಿಳಿಯುವುದಿಲ್ಲ.

ದಿಗ್ವಿಜಯ ಮುಗಿಸಿ ಬಂದಾಗ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ಅಧೀನರಾಗಿಲ್ಲ ಎಂಬುದೇ ಕಾರಣವೆಂದು ಪುರೋಹಿತನು ತಿಳಿಸಿದನು. ಈ ಚಕ್ರವನ್ನು ಒಂದು ಸಂಕೇತವಾಗಿಯೂ ಕಾಣಬಹುದು. ಲೋಕವನ್ನೆಲ್ಲ ಗೆದ್ದು ಬರುವವನ ವಿಜಯ ಸ್ವಂತ ಮನೆಯ ಹೊಸಿಲಲ್ಲಿ ತಡೆದು ನಿಲ್ಲುತ್ತದೆ. ಹೊರಗಿನವರ ಮುಂದೆ ಸುಲಭವಾಗಿ ಬಾಗುವ ತಲೆ ಒಡಹುಟ್ಟಿದವನ ಮುಂದೆ ಬಾಗುವುದಿಲ್ಲ. ಉಳಿದ ತಮ್ಮಂದಿರು ತಂದೆಯ ಬಳಿಗೆ ಹೋಗಿ ದೀಕ್ಷೆ ಪಡೆದರು. ಬಾಹುಬಲಿ ಮಾತ್ರ ಒಪ್ಪಲಿಲ್ಲ. ಅಣ್ಣನೆಂದು ನಮಸ್ಕರಿಸಲು ಸಿದ್ಧ, ಒಡೆಯನೆಂದು ನಮಸ್ಕರಿಸಲಾರೆ ಎಂಬುದು ಅವನ ನಿಲುವು. ಅದು ನ್ಯಾಯವೇ ಆಗಿತ್ತು. ಆ ನ್ಯಾಯದ ಒಳಗೇ ಮಾನದ ಬೀಜವೂ ಇತ್ತು.

ಸೈನ್ಯಗಳು ಎದುರಾದಾಗ ಮಂತ್ರಿಗಳು ನಡುವೆ ಬಂದರು. ಇಬ್ಬರ ಹಟಕ್ಕಾಗಿ ನಿರಪರಾಧಿಗಳೇಕೆ ಸಾಯಬೇಕು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಧರ್ಮಯುದ್ಧಗಳಲ್ಲಿ ಸೋಲು ಗೆಲುವು ತೀರ್ಮಾನವಾಗಲಿ ಎಂದರು. ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದರೂ ನೆಲಕ್ಕೆ ಅಪ್ಪಳಿಸಲಿಲ್ಲ. ಸೋಲಿನ ಅವಮಾನ ತಾಳಲಾರದೆ ಭರತನು ಧರ್ಮಯುದ್ಧದ ಮರ್ಯಾದೆಯನ್ನೂ ಮೀರಿ ತಮ್ಮನ ಮೇಲೆ ಚಕ್ರರತ್ನವನ್ನು ಪ್ರಯೋಗಿಸಿದನು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ಸುಮ್ಮನೆ ನಿಂತಿತು. ರಾಜ್ಯಕ್ಕಾಗಿ ಅಣ್ಣನು ಎಲ್ಲಿಯವರೆಗೆ ಇಳಿದನೆಂಬುದನ್ನು ಕಂಡ ಬಾಹುಬಲಿಗೆ ರಾಜ್ಯವೇ ಬೇಡವೆನಿಸಿತು. ಗೆದ್ದದ್ದನ್ನೆಲ್ಲ ಅಲ್ಲಿಯೇ ಬಿಟ್ಟು ತಪಸ್ಸಿಗೆ ಹೊರಟನು.

ಸಾಮಾನ್ಯವಾಗಿ ನಾವು ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಭರತನು ಅಹಂಕಾರಿ, ಬಾಹುಬಲಿ ತ್ಯಾಗಿ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಆಚಾರ್ಯರು ಹಾಗೆ ನಿಲ್ಲಿಸಲಿಲ್ಲ. ಒಂದು ವರ್ಷ ಬಾಹುಬಲಿ ಪ್ರತಿಮಾಯೋಗದಲ್ಲಿ ಅಲುಗದೆ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು, ಹುತ್ತದಿಂದ ಹಾವುಗಳು ಹೊರಬಂದವು, ಬಳ್ಳಿಗಳು ತೊಡೆಯಿಂದ ತೋಳಿನವರೆಗೆ ಹಬ್ಬಿದವು. ಆದರೂ ಕೇವಲಜ್ಞಾನ ಉಂಟಾಗಲಿಲ್ಲ. ದೇಹಾದಿ ಸಂಗವನ್ನೆಲ್ಲ ತೊರೆದಿದ್ದರೂ ಮಾನಕಷಾಯದಿಂದ ಚಿತ್ತ ಕಲುಷಿತವಾಗಿದ್ದುದರಿಂದ ಬಾಹುಬಲಿ ಬಹುಕಾಲ ಹಾಗೆಯೇ ನಿಲ್ಲಬೇಕಾಯಿತೆಂದು ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಕಿರೀಟ ಬಿಟ್ಟವನಲ್ಲಿ ಕಿರೀಟ ಬಿಟ್ಟೆನೆಂಬ ಭಾವ ಉಳಿಯಬಲ್ಲದು. ತಾನು ನಿಂತಿರುವ ನೆಲ ಭರತನದು ಎಂಬ ಅಳುಕು ಅವನನ್ನು ಚುಚ್ಚುತ್ತಿತ್ತೆಂದು ಜನರಲ್ಲಿ ಪ್ರಚಲಿತವಾದ ಕಥೆ ಹೇಳುತ್ತದೆ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗು ಉಳಿದಿತ್ತೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಅದು ಕೊರಗೇ ಆಗಿರಲಿ ಅಳುಕೇ ಆಗಿರಲಿ, ಎರಡರ ನಡುವೆಯೂ ‘ನಾನು’ ಎಂಬುದೊಂದು ನಿಂತಿದೆ.

ಆ ಮುಳ್ಳು ಕಳಚಿದ ಬಗೆಯನ್ನು ಎರಡು ಸಂಪ್ರದಾಯಗಳು ಎರಡು ಬಗೆಯಾಗಿ ಹೇಳುತ್ತವೆ. ದಿಗಂಬರ ಪುರಾಣದಲ್ಲಿ ಭರತನೇ ಬಂದು ತಮ್ಮನನ್ನು ಪೂಜಿಸುತ್ತಾನೆ. ಅದೇ ಸಮಯದಲ್ಲಿ ಬಾಹುಬಲಿಗೆ ಕೇವಲಜ್ಞಾನ ಉದಯಿಸುತ್ತದೆ. ತಮ್ಮನ ಪ್ರಣಾಮಕ್ಕಾಗಿ ಯುದ್ಧ ಹೂಡಿದವನೇ ತಮ್ಮನಿಗೆ ಪ್ರಣಾಮ ಮಾಡಿದನು. ಶ್ವೇತಾಂಬರ ಪರಂಪರೆಯ ಪ್ರಕಾರ, ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ಸಹೋದರರಿಗೆ ನಮಸ್ಕರಿಸಬೇಕಾಗುತ್ತದೆಂಬ ಕಾರಣಕ್ಕೆ ಬಾಹುಬಲಿ ತಂದೆಯ ಸಮವಸರಣಕ್ಕೆ ಹೋಗದೆ ಕಾಡಿನಲ್ಲಿಯೇ ನಿಂತಿದ್ದನು. ಸಹೋದರಿಯರಾದ ಬ್ರಾಹ್ಮಿ ಮತ್ತು ಸುಂದರಿ ಬಂದು, ಆನೆಯ ಮೇಲಿಂದ ಇಳಿಯಬೇಕೆಂದು ಅಣ್ಣನನ್ನು ಕೇಳಿಕೊಂಡರು. ಕಾಡಿನಲ್ಲಿ ಬರಿಗಾಲಲ್ಲಿ ನಿಂತವನಿಗೆ ಎಲ್ಲಿಯ ಆನೆ? ಯೋಚಿಸಿದಾಗ, ತಾನು ಏರಿ ಕುಳಿತದ್ದು ಮಾನವೆಂಬ ಆನೆಯನ್ನೆಂದು ಅವನಿಗೆ ಹೊಳೆಯಿತು. ಕಿರಿಯರಿಗೆ ನಮಸ್ಕರಿಸಲು ಒಂದು ಹೆಜ್ಜೆ ಎತ್ತಿದೊಡನೆ ಕೇವಲಜ್ಞಾನವಾಯಿತು. ಒಂದು ವರ್ಷದ ನಿಲುವಿನಿಂದ ಆಗದ್ದು ಒಂದು ಹೆಜ್ಜೆಯಿಂದ ಆಯಿತು. ಕಥೆಗಳು ಬೇರೆ, ತಾತ್ಪರ್ಯ ಒಂದೇ. ಮಾನ ಕರಗುವುದು ಒಬ್ಬಂಟಿಯಾಗಿ ಅಲ್ಲ. ಯಾರೊಡನೆ ಅದು ಬೆಳೆಯಿತೋ ಅವರ ಎದುರಿನಲ್ಲಿಯೇ ಅದು ಕರಗಬೇಕು.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ನಿಂತಿರುವ 58 ಅಡಿಯ ಮೂರ್ತಿಯಲ್ಲಿ ಹುತ್ತವೂ ಇದೆ, ಬಳ್ಳಿಯೂ ಇದೆ. ಚಕ್ರವಿಲ್ಲ, ಗೆದ್ದ ಗುರುತಿಲ್ಲ. ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೂ ಗರ್ವ ಬಂದಿತ್ತೆಂದು ಸ್ಥಳೈತಿಹ್ಯ ಹೇಳುತ್ತದೆ. ಕೊಡಕೊಡ ಹಾಲು ಸುರಿದರೂ ಅಭಿಷೇಕ ಪೂರ್ಣವಾಗಲಿಲ್ಲ. ಬಡ ಗುಳ್ಳಕಾಯಜ್ಜಿ ಒಂದು ಗುಳ್ಳಕಾಯಿಯಲ್ಲಿ ತಂದ ಹಾಲಿನಿಂದ ಪೂರ್ಣವಾಯಿತು. ಆ ಅಜ್ಜಿಯ ಪ್ರತಿಮೆ ಇಂದಿಗೂ ಗೊಮ್ಮಟನ ಎದುರಿನಲ್ಲಿದೆ.

ಚಾವುಂಡರಾಯನಿಗಾಗಿ ನೇಮಿಚಂದ್ರಾಚಾರ್ಯರು ರಚಿಸಿದ ಗೊಮ್ಮಟಸಾರದಲ್ಲಿ ಮಾನಕ್ಕೆ ನಾಲ್ಕು ಹೋಲಿಕೆಗಳಿವೆ: ಕಲ್ಲು, ಮೂಳೆ, ಮರ, ಬೆತ್ತ. ಕಲ್ಲಿನಂಥ ಮಾನ ಮುರಿದೀತೇ ಹೊರತು ಬಾಗದು. ಅದು ನರಕಗತಿಗೆ ಕಾರಣ. ಬೆತ್ತದಂಥದ್ದು ಬೇಗ ಬಾಗುತ್ತದೆ. ದಶಲಕ್ಷಣ ಪರ್ವದ ಎರಡನೆಯ ದಿನ ನಾವು ಆರಾಧಿಸುವ ಉತ್ತಮ ಮಾರ್ದವ ಧರ್ಮವೆಂದರೆ ಈ ಬಾಗುವ ಗುಣವೇ. ಅದು ದೌರ್ಬಲ್ಯವಲ್ಲ. ಬಾಹುಬಲಿಯಂಥ ಬಲಶಾಲಿಗೂ ಕಡೆಗೆ ಸಾಧಿಸಬೇಕಾಗಿದ್ದ ಬಲ ಅದೊಂದೇ.

ಇಂದಿಗೂ ಒಂದು ಅಂಕಣ ಜಾಗಕ್ಕಾಗಿ, ಒಂದು ಬಾವಿಯ ನೀರಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿರುವ ಮನೆಗಳು ಎಷ್ಟೋ ಇವೆ. ಕಾಲ ಕಳೆದಂತೆ ಜಾಗದ ಆಸೆ ಹೋಗಿರುತ್ತದೆ. ‘ಅದನ್ನೆಲ್ಲ ಅವನಿಗೇ ಬಿಟ್ಟೆ’ ಎಂಬ ಮಾತು ಮಾತ್ರ ಉಳಿದಿರುತ್ತದೆ. ಬಿಟ್ಟೆನೆಂದು ಹೇಳುವವರೆಗೆ ಬಿಟ್ಟಂತಾಗಲಿಲ್ಲ. ಇಬ್ಬರೂ ತಮ್ಮದೇ ನ್ಯಾಯವೆಂದು ನಂಬಿ ಎದುರುಬದುರು ನಿಂತಿರುತ್ತಾರೆ. ನಡುವೆ ವರ್ಷಗಳು ಹುತ್ತದಂತೆ ಬೆಳೆಯುತ್ತವೆ. ಯಾರು ಮೊದಲು ಹೋಗಬೇಕು? ಪುರಾಣದಲ್ಲಿ ಒಮ್ಮೆ ಅಣ್ಣನು ಹೋದನು, ಒಮ್ಮೆ ತಮ್ಮನು ಹೆಜ್ಜೆಯೆತ್ತಿದನು. ಮೊದಲು ಹೋದವನು ಸೋತನೆಂದು ಯಾವ ಆಚಾರ್ಯರೂ ಬರೆದಿಲ್ಲ.