ಹಂಪಿ ಬೆಟ್ಟದ ವೈನ್: ಕುಡಿಯಲೋ, ತಿಳಿಯಲೋ?

ಬಂಡ್ರಿ ಕಡೆಯಿಂದ ಹಂಪಿಗೆ ಹೊರಟವರಿಗೆ ಹೊಳೆಯಾಚೆ, ಕೊಪ್ಪಳ ಜಿಲ್ಲೆಯಲ್ಲಿ, ಕೃಷ್ಮಾ ಎಂಬ ವೈನ್ ಕಂಪನಿಯ ದ್ರಾಕ್ಷಿ ತೋಟವಿದೆ. ಅಲ್ಲಿಗೆ ಕುಡಿಯಲು ಹೋಗಬೇಡಿ, ಬೇಸಾಯ ತಿಳಿಯಲು ಹೋಗಿ. ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ; 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಪೇಟೆಯಲ್ಲಿ ದ್ರಾಕ್ಷಿ ಕಂಡದ್ದನ್ನು ಬರೆದಿದ್ದಾನೆ. ನಮ್ಮ ಬಿಸಿಲಲ್ಲಿ ಬಳ್ಳಿಗೆ ವರ್ಷಕ್ಕೆರಡು ಚಾಟ್ನಿ (ಬಳ್ಳಿ ಸವರುವುದು), ಒಂದೇ ಫಸಲು. ಗ್ಲಾಸಿನ ಬಣ್ಣ, ವಾಸನೆ, ಒಗರಿನಲ್ಲಿ ಸಿಗುವುದು ಆ ಮಣ್ಣು, ಬಿಸಿಲು, ದುಡಿಮೆಗಳ ಲೆಕ್ಕವೇ.

ಇಂಥ ಭೇಟಿ ಕುಡಿತಕ್ಕೆ ಪ್ರಚಾರವಲ್ಲವೇ ಎಂದರೆ, ಆಕ್ಷೇಪ ಹಗುರವಾದದ್ದಲ್ಲ: ಮದ್ಯಕ್ಕೆ ಸುರಕ್ಷಿತ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೆ ರುಚಿ ಬಲ್ಲವರ ಪದ್ಧತಿಯೇ ಗುಟುಕನ್ನು ಬಾಯಲ್ಲಾಡಿಸಿ ಉಗುಳುವುದು. ಗಾಡಿ ಓಡಿಸುವವರು ಆ ಗುಟುಕನ್ನೂ ಮುಟ್ಟಬಾರದು. ಮೊದಲೇ ವಿಚಾರಿಸಿ, ಫೆಬ್ರವರಿ–ಮಾರ್ಚ್‌ನ ಕೊಯ್ಲಿಗೆ ಹೋಗಿ. ಬಾಟಲಿಗಿಂತ ಬಳ್ಳಿಯೇ ಹೆಚ್ಚು ಹೇಳುತ್ತದೆ.