ಮನೆಯ ಆರೈಕೆಗೆ ಬ್ರಿಟನ್ ಕೊಡುವ ಭತ್ಯೆ

ಹಾಸಿಗೆ ಹಿಡಿದ ಅತ್ತೆಯನ್ನೋ ಅಂಗವೈಕಲ್ಯವಿರುವ ಮಗನನ್ನೋ ಮನೆಯಲ್ಲೇ ನೋಡಿಕೊಳ್ಳುವವರಿಗೆ ಬ್ರಿಟನ್ ಸರ್ಕಾರ 1976ರಿಂದ ಭತ್ಯೆ ಕೊಡುತ್ತಿದೆ. ಗಂಡನ ಜೊತೆಗಿರುವ ಹೆಂಗಸರಿಗೆ ಮಾತ್ರ ಮೊದಲ ಹತ್ತು ವರ್ಷ ಅದಿರಲಿಲ್ಲ; ಹೆಂಡತಿ ಹೇಗಿದ್ದರೂ ಮನೆಯಲ್ಲೇ ಇರುತ್ತಾಳಲ್ಲ ಎಂಬ ಲೆಕ್ಕ! ಜಾಕ್ವೆಲಿನ್ ಡ್ರೇಕ್ ಎಂಬಾಕೆ ಐರೋಪ್ಯ ನ್ಯಾಯಾಲಯದವರೆಗೆ ಹೋದ ಮೇಲೆ, 1986ರಲ್ಲಿ ಆ ನಿಯಮ ಬಿತ್ತು.

ಈಗಿನ ಹೆಸರು ಕೇರರ್ಸ್ ಅಲವೆನ್ಸ್. 2025-26ರ ದರ ವಾರಕ್ಕೆ 83.30 ಪೌಂಡ್; ಮುಂದೆ ಬರುವ ಮೊತ್ತಗಳೂ ಆ ವರ್ಷದವೇ. (ಸ್ಕಾಟ್ಲೆಂಡಿನ ವ್ಯವಸ್ಥೆ ಬೇರೆ.) ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡಬೇಕು. ಆದರೆ ಎಷ್ಟೇ ಸೇವೆ ಮಾಡಿದರೂ, ರೋಗಿಗೆ ಅಟೆಂಡೆನ್ಸ್ ಅಲವೆನ್ಸ್, ಪಿಐಪಿಯ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ದೈನಂದಿನ ಜೀವನದ ಭಾಗ, ಇಂಥ ಯಾವುದಾದರೊಂದು ಅಂಗವೈಕಲ್ಯ ಭತ್ಯೆ ಮಂಜೂರಾಗದಿದ್ದರೆ ನಿಮ್ಮ ಅರ್ಜಿ ನಿಲ್ಲುವುದಿಲ್ಲ.

ತೆರಿಗೆ ಮುಂತಾದವು ಕಳೆದು ನಿಮ್ಮ ದುಡಿಮೆ ವಾರಕ್ಕೆ 196 ಪೌಂಡ್ ದಾಟಬಾರದು. ಒಂದು ಪೆನ್ನಿ ದಾಟಿದರೂ ಇಡೀ ಭತ್ಯೆ ಹೋಯಿತು. ನನ್ನ ಪ್ರಕಾರ ಇದು ಕ್ರೂರ ನಿಯಮ. ಇಲಾಖೆ ತಡವಾಗಿ ಎಚ್ಚೆತ್ತು ವರ್ಷಗಳ ಹಣವನ್ನು ಒಟ್ಟಿಗೆ ವಾಪಸ್ ಕೇಳಿ, ಎಷ್ಟೋ ಮನೆಗಳು ಸಾಲಕ್ಕೆ ಬಿದ್ದಿವೆ. ಸಂಬಳ ಬದಲಾದ ಕೂಡಲೇ ತಿಳಿಸಿ, ತಿಳಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಪಿಂಚಣಿ ನಿಧಿಗೆ ಕಟ್ಟಿದ್ದರಲ್ಲಿ ಅರ್ಧವನ್ನು ದುಡಿಮೆಯ ಲೆಕ್ಕದಿಂದ ಕಳೆಯಬಹುದು.

ಕಡಿಮೆ ಆದಾಯದವರಿಗೆ ಗೋಜಲು ಶುರುವಾಗುವುದು ಅವರಿಗೆಂದೇ ಇರುವ ಸರ್ಕಾರಿ ನೆರವಾದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ. ಅಲವೆನ್ಸನ್ನು ಆದಾಯವೆಂದು ಹಿಡಿದು ಅಷ್ಟನ್ನೂ ಅಲ್ಲಿ ಮುರಿದುಕೊಳ್ಳುತ್ತಾರೆ. ಪ್ರತಿಯಾಗಿ ತಿಂಗಳಿಗೆ 201.68 ಪೌಂಡಿನ ‘ಕೇರರ್ ಎಲಿಮೆಂಟ್’ ಸೇರುತ್ತದೆ. ಕೈಗೆ ಹತ್ತುವ ಲಾಭ ಅದೇ. ಅದಕ್ಕೆ 196ರ ಮಿತಿಯಿಲ್ಲ, ಅಲವೆನ್ಸ್‌ಗೆ ಅರ್ಜಿ ಹಾಕದವರೂ ಅದನ್ನು ಕೇಳಬಹುದು.

ಸರ್ಕಾರಿ ಪಿಂಚಣಿ 83.30ಕ್ಕಿಂತ ಹೆಚ್ಚಿದ್ದರೆ ಅಲವೆನ್ಸ್ ಬರುವುದಿಲ್ಲ. ಆದರೂ ಅರ್ಜಿ ಹಾಕಿ: ಅರ್ಹತೆಯ ಪತ್ರ ಸಿಕ್ಕರೆ, ಕಡಿಮೆ ಆದಾಯದ ಹಿರಿಯರಿಗೆ ಸಿಗುವ ಪೆನ್ಷನ್ ಕ್ರೆಡಿಟ್‌ಗೆ ವಾರಕ್ಕೆ 46.40 ಪೌಂಡ್ ಸೇರಬಹುದು. ರೋಗಿ ಒಂಟಿಯಾಗಿದ್ದು ತೀವ್ರ ಅಂಗವೈಕಲ್ಯದ ಹೆಚ್ಚುವರಿ ಹಣ ಪಡೆಯುತ್ತಿದ್ದರೆ ಮಾತ್ರ ಮೊದಲು ಅವರೊಂದಿಗೆ ಮಾತಾಡಿ. ನಿಮಗೆ ಭತ್ಯೆ ಬರತೊಡಗಿದರೆ ಅವರ ಆ ಹಣ ನಿಲ್ಲಬಹುದು.

ಅಲ್ಲಿರುವ ಕನ್ನಡಿಗರು ವೀಸಾ ನೋಡಿಕೊಳ್ಳಬೇಕು. ಸಾರ್ವಜನಿಕ ನಿಧಿ ಬಳಸುವಂತಿಲ್ಲ ಎಂಬ ಷರತ್ತಿದ್ದರೆ ಅರ್ಜಿ ಹಾಕುವುದೇ ಷರತ್ತಿನ ಉಲ್ಲಂಘನೆಯಾದೀತು. ನೀವು ಬ್ರಿಟಿಷ್ ಪ್ರಜೆಯೇ ಆಗಿದ್ದರೂ, ಪ್ರವಾಸಿ ವೀಸಾದಲ್ಲಿ ಊರಿನಿಂದ ಬಂದ ತಾಯಿಗೆ ಅಟೆಂಡೆನ್ಸ್ ಅಲವೆನ್ಸ್ ಸಿಗದು. ಹಾಗಾಗಿ ಅವರ ಆರೈಕೆಗೆ ನಿಮಗೂ ಸಿಗದು.

ತಡವಾಗಿ ಅರ್ಜಿ ಹಾಕಿದವರು ಹಿಂದಿನ ಮೂರು ತಿಂಗಳ ಹಣವನ್ನಷ್ಟೇ ಕೇಳಬಹುದು. ರೋಗಿಯ ಮಂಜೂರಾತಿಯೇ ತಡವಾಗಿದ್ದರೆ, ಆ ತೀರ್ಮಾನ ಬಂದ ಮೂರು ತಿಂಗಳೊಳಗೆ ಅರ್ಜಿ ಸೇರಿಸಿ.